ಅಲ್ಯೂಮಿನಿಯಂ ಟ್ರೇಲರಾ, ಸ್ಟೀಲ್ ಟ್ರೇಲರಾ? ಎಳೆದು ಗೊತ್ತಿರೋರು ಹೇಳಿ

ಪಿಕಪ್‌ಪ್ರಿಯ:
ಎಲ್ಲರಿಗೂ ನಮಸ್ಕಾರ. ಒಂದು ಟ್ರೇಲರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಮೇಲೆ ಮುಚ್ಚಿಗೆ ಬೇಡ, ಎರಡು ಆಕ್ಸಲ್ ಇರಬೇಕು. ನನ್ನ ಪಿಕಪ್ 2,500 ಕೆಜಿ ಎಳೆಯಬಹುದು ಅಂತ ಕೈಪಿಡಿಯಲ್ಲಿದೆ. ಮುಖ್ಯವಾಗಿ ಒಯ್ಯೋದು ಒಂದು ಹಳೇ ಕಾರು, ಸುಮಾರು 1,450 ಕೆಜಿ. ಅದರ ಜೊತೆ ಟೈರು, ಜಾಕು, ಟೂಲ್ ಬಾಕ್ಸು ಎಲ್ಲಾ ಸೇರಿ ಇನ್ನೊಂದು 120. ಆಗಾಗ ಒಂದು ಮಿನಿ ಎಕ್ಸ್‌ಕವೇಟರ್ ಕೂಡ ಸಾಗಿಸಬೇಕು, ಅದು 1,700 ಕೆಜಿ.

ಎರಡು ಮಾಡೆಲ್ ನೋಡಿಟ್ಟಿದ್ದೇನೆ. ಉದ್ದ ಅಗಲ ಹೆಚ್ಚುಕಡಿಮೆ ಒಂದೇ. ಸ್ಟೀಲಿನದು ಖಾಲಿ ತೂಕ 920 ಕೆಜಿ, ಅಲ್ಯೂಮಿನಿಯಂದು 680. ಅಲ್ಯೂಮಿನಿಯಂಗೆ ದುಡ್ಡು ಜಾಸ್ತಿ, ಅದು ಎಲ್ಲರಿಗೂ ಗೊತ್ತಿರೋದೇ. ಅದನ್ನು ಮಾರುವವರು "ಸಾಯೋವರೆಗೂ ತುಕ್ಕಿಲ್ಲ" ಅಂತಾರೆ. ಸ್ಟೀಲ್ ಮಾರುವವರು "ಅದು ನಾಲ್ಕು ದಿನಕ್ಕೆ ಬಿರುಕು ಬಿಡುತ್ತೆ" ಅಂತಾರೆ. ಇಬ್ಬರೂ ಮಾರೋರೇ ಅಲ್ವಾ! ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತುಕ್ಕುವೈರಿ:
ಅಲ್ಯೂಮಿನಿಯಂ. ಯೋಚನೆಯೇ ಬೇಡ. ವರ್ಷವರ್ಷ ವೈರ್ ಬ್ರಶ್ಶು, ಪ್ರೈಮರ್ರು, ಪೇಂಟ್ ಡಬ್ಬ ಹಿಡಿದು ಚಾಸಿ ಕೆಳಗೆ ಮಲಗುವ ಹವ್ಯಾಸ ಇದ್ದರೆ ಮಾತ್ರ ಸ್ಟೀಲ್.

ಲೆಕ್ಕಾಚಾರಿ:
ಲೋಹದ ಮಾತು ಆಮೇಲೆ. ಮೊದಲು ಕೂಡಿಸಿ ನೋಡೋಣ.

ಸ್ಟೀಲ್ ಟ್ರೇಲರ್ ಮೇಲೆ ಕಾರು, ಸಾಮಾನು: 920 + 1,450 + 120 = 2,490. ನಿಮ್ಮ ಮಿತಿ 2,500. ಉಳಿದದ್ದು ಹತ್ತು ಕೆಜಿ. ಕಾರಿನ ಟ್ಯಾಂಕ್ ಅರ್ಧ ತುಂಬಿದ್ದರೆ ಅದೂ ಮುಗಿಯಿತು. ಎಕ್ಸ್‌ಕವೇಟರ್ ಹಾಕಿದರೆ 920 + 1,700 = 2,620. ಮಿತಿ ದಾಟಿತು, ಅದೂ ಸರಪಳಿ, ಬಕೆಟ್ಟು ಲೆಕ್ಕಕ್ಕೆ ಹಿಡಿಯದೆ.

ಅಲ್ಯೂಮಿನಿಯಂ ಮೇಲೆ ಕಾರು: 680 + 1,570 = 2,250. ಎಕ್ಸ್‌ಕವೇಟರ್: 2,380. ಇನ್ನೂ ನೂರಿಪ್ಪತ್ತು ಕೆಜಿ ಉಸಿರಾಡಲು ಜಾಗ ಇದೆ.

ಹಾಗಾಗಿ ನಿಮ್ಮ ವಿಷಯದಲ್ಲಿ ಇದು ತುಕ್ಕಿನ ಪ್ರಶ್ನೆಯೇ ಅಲ್ಲ. ಇದೇ ಪ್ರಶ್ನೆಯನ್ನು 3,500 ಕೆಜಿ ಎಳೆಯುವ ಗಾಡಿ ಇರೋರು ಕೇಳಿದ್ದರೆ ನಾನು ಸುಮ್ನೆ ಸ್ಟೀಲ್ ತೆಗೆದುಕೊಳ್ಳಿ ಅನ್ನುತ್ತಿದ್ದೆ.

ಇನ್ನೊಂದು ವಿಷಯ. ಕೈಪಿಡಿಯ ಒಂದೇ ಸಂಖ್ಯೆ ನೋಡಿ ಹೊರಡಬೇಡಿ. ಪಿಕಪ್ ಎಳೆಯುವ ಮಿತಿ, ಹಿಚ್‌ನ (ಟ್ರೇಲರ್ ಸಿಕ್ಕಿಸುವ ಕೊಂಡಿಯ) ಮಿತಿ, ಟ್ರೇಲರ್‌ನ ಒಟ್ಟು ತೂಕದ ಮಿತಿ, ಆಕ್ಸಲ್ ಮತ್ತು ಟೈರಿನ ಮಿತಿ, ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ನಿಜವಾದ ಮಿತಿ. ಹಿಚ್ ಮೇಲೆ ಒತ್ತುವ ಭಾರ, ಅಂದರೆ ಟಂಗ್ ವೇಟ್, ಸಾಮಾನ್ಯವಾಗಿ ಒಟ್ಟು ತೂಕದ ಶೇ. 10ರಿಂದ 15 ಇರಬೇಕು ಅಂತಾರೆ. 2,490ಕ್ಕೆ ಅದು 250ರಿಂದ 370 ಕೆಜಿ. ಅಷ್ಟೂ ಪಿಕಪ್ ಹೊರುವ ಭಾರದ ಲೆಕ್ಕಕ್ಕೆ ಬರುತ್ತದೆ. ಹಿಂದೆ ನಾಲ್ಕು ಜನ ಕೂತು, ಡಿಕ್ಕಿಯಲ್ಲೂ ಸಾಮಾನು ತುಂಬಿದರೆ ಎಳೆಯುವ ಮಿತಿಗಿಂತ ಮೊದಲು ಹೊರುವ ಮಿತಿಯೇ ಕೈಕೊಡುತ್ತದೆ. ಯುರೋಪಿನ ಗಾಡಿಗಳಲ್ಲಿ ಹಿಚ್ ಮೇಲಿನ ಈ ಮಿತಿ ಇನ್ನೂ ಕಡಿಮೆ, ಎಷ್ಟೋ ಕಾರುಗಳಲ್ಲಿ 75ರಿಂದ 100 ಕೆಜಿ ಅಷ್ಟೇ. ಹಿಚ್ ಮೇಲಿನ ಪ್ಲೇಟ್ ಓದಿ.

ಪಿಕಪ್‌ಪ್ರಿಯ:
ಲೆಕ್ಕಾಚಾರಿ ಸರ್, ಹತ್ತು ಕೆಜಿ ಅಂತ ನೋಡಿದ ತಕ್ಷಣ ಸ್ಟೀಲಿನ ಆಸೆ ಅರ್ಧ ಇಳಿಯಿತು. ಆದರೆ ಅಲ್ಯೂಮಿನಿಯಂ ಗಟ್ಟಿ ಇರುತ್ತಾ? ಎಕ್ಸ್‌ಕವೇಟರ್ ಹತ್ತಿಸಿದರೆ ನಡು ಬಗ್ಗಲ್ವಾ?

ಬೆಂಕಿಕೈ:
ವೆಲ್ಡಿಂಗ್ ನನ್ನ ಕಸುಬು. ಎರಡೂ ಲೋಹದ ಟ್ರೇಲರ್ ರಿಪೇರಿಗೆ ಬರುತ್ತವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

"ಅಲ್ಯೂಮಿನಿಯಂ ಮೆದು" ಅನ್ನೋದು ಅಡುಗೆಮನೆ ಪಾತ್ರೆ ನೋಡಿ ಬಂದ ಮಾತು. ಟ್ರೇಲರ್ ಫ್ರೇಮಿಗೆ ಹೆಚ್ಚಾಗಿ ಬಳಸುವ 6061-ಟಿ6 ಮಿಶ್ರಲೋಹ ಸುಮಾರು 276 ಮೆಗಾಪಾಸ್ಕಲ್ ಒತ್ತಡ ಬರುವವರೆಗೂ ಶಾಶ್ವತವಾಗಿ ಬಗ್ಗುವುದಿಲ್ಲ. ಸಾಧಾರಣ ಎ36 ಸ್ಟೀಲಿಗೆ ಅದೇ ಸಂಖ್ಯೆ 250. ಅಂದರೆ ಕಾಗದದ ಲೆಕ್ಕದಲ್ಲಿ ಅಲ್ಯೂಮಿನಿಯಂ ಒಂದು ಕೈ ಮೇಲು.

ಹಾಗಾದರೆ ಸ್ಟೀಲಿನ ಗೆಲುವು ಎಲ್ಲಿ? ಬಿಗಿತದಲ್ಲಿ. ಭಾರ ಹಾಕಿದಾಗ ಎಷ್ಟು ಜಗ್ಗುತ್ತದೆ, ತೆಗೆದಾಗ ವಾಪಸ್ ಬರುತ್ತದೆ, ಆ ಗುಣ. ಸ್ಟೀಲಿಗೆ ಅದು ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 69. ಮೂರನೇ ಒಂದು ಭಾಗ. ತೂಕವೂ ಹಾಗೇ: ಒಂದು ಘನ ಮೀಟರ್ ಸ್ಟೀಲ್ 7,850 ಕೆಜಿ, ಅಲ್ಯೂಮಿನಿಯಂ 2,700. ಒಂದೇ ಅಳತೆಯ ಎರಡು ಪಟ್ಟಿ ಇಟ್ಟು ಭಾರ ಹಾಕಿದರೆ ಅಲ್ಯೂಮಿನಿಯಂ ಮೂರು ಪಟ್ಟು ಜಗ್ಗುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ತೊಲೆಯನ್ನು ಎತ್ತರ ಮಾಡುತ್ತಾರೆ. ಗಟ್ಟಿ ಪಟ್ಟಿಯ ಲೆಕ್ಕದಲ್ಲಿ ಅಗಲ ಅಷ್ಟೇ ಇಟ್ಟು ಎತ್ತರವನ್ನು 1.4 ಪಟ್ಟು ಮಾಡಿದರೆ ಸಾಕು, ಬಿಗಿತ ಸಮವಾಗುತ್ತದೆ, ತೂಕ ಅರ್ಧಕ್ಕೆ ಇಳಿಯುತ್ತದೆ. ಎತ್ತರ ಹೆಚ್ಚಿಸಿದ್ದಕ್ಕೆ ಬಿಗಿತ ಘನದ ಲೆಕ್ಕದಲ್ಲಿ ಏರುತ್ತದಲ್ಲ, ಅದರ ಮಹಿಮೆ.

ಹಾಗಾಗಿ ಅಂಗಡಿಯಲ್ಲಿ ಎರಡೂ ಟ್ರೇಲರ್‌ಗಳ ಪಕ್ಕದ ತೊಲೆ ಅಳೆಯಿರಿ. ಅಲ್ಯೂಮಿನಿಯಂ ತೊಲೆ ಸ್ಟೀಲಿನಷ್ಟೇ ಎತ್ತರ, ಅಷ್ಟೇ ದಪ್ಪ ಇದ್ದರೆ ಅಲ್ಲಿ ಯಾರೋ ಲೆಕ್ಕ ಮಾಡದೆ ಲೋಹ ಮಾತ್ರ ಬದಲಾಯಿಸಿದ್ದಾರೆ ಅಂತ ಅರ್ಥ. ಅದನ್ನು ಬಿಟ್ಟು ಬನ್ನಿ. ಅಡ್ಡಪಟ್ಟಿಗಳ ನಡುವಿನ ಅಂತರವನ್ನೂ ನೋಡಿ. ಎಕ್ಸ್‌ಕವೇಟರ್ ಹೊರಬೇಕಾದರೆ ಅವು ಹತ್ತಿರ ಹತ್ತಿರ ಇರಬೇಕು.

ಪಿಕಪ್‌ಪ್ರಿಯ:
ಮೂರನೇ ಒಂದು ತೂಕ ಅಂದಮೇಲೆ 920 ಇದ್ದದ್ದು 680ಕ್ಕೆ ಮಾತ್ರ ಯಾಕೆ ಇಳಿದಿದೆ ಅಂತ ನನಗೆ ಗೊಂದಲ ಇತ್ತು. ಈಗ ಅರ್ಥವಾಯಿತು.

ಲೆಕ್ಕಾಚಾರಿ:
ಅದರ ಜೊತೆ ಆಕ್ಸಲ್, ಪಟ್ಟಾ ಸ್ಪ್ರಿಂಗು, ಹಬ್, ಬ್ರೇಕು, ಹಿಚ್, ಸರಪಳಿ ಎರಡರಲ್ಲೂ ಸ್ಟೀಲೇ. ಟೈರು ಎರಡರಲ್ಲೂ ರಬ್ಬರೇ. ಹಗುರಾಗೋದು ಫ್ರೇಮು ಮತ್ತು ನೆಲ ಮಾತ್ರ.

ತುಕ್ಕುವೈರಿ:
ಬೆಂಕಿಕೈ ಅಣ್ಣ, ಅಲ್ಯೂಮಿನಿಯಂ ಪರ ಬರೆದಿದ್ದೀರಿ ಅಂತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ಬೆಂಕಿಕೈ:
ತಾಳಿ, ಇನ್ನೂ ಮುಗಿದಿಲ್ಲ.

ಆ 276 ಅನ್ನೋದು ವೆಲ್ಡ್ ಮಾಡುವವರೆಗೆ ಮಾತ್ರ. 6061ಕ್ಕೆ ಶಕ್ತಿ ಬಂದದ್ದೇ ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದ ಮಾಡಿದ್ದರಿಂದ. ಬೆಸುಗೆಯ ಬಿಸಿ ಆ ಹದವನ್ನೇ ಕೆಡಿಸುತ್ತದೆ. ಬೆಸುಗೆಯ ಅಕ್ಕಪಕ್ಕ ಸುಮಾರು 25 ಮಿಮೀ ಜಾಗದಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ ಅಂತಲೇ ವಿನ್ಯಾಸಕಾರರು ಲೆಕ್ಕ ಹಿಡಿಯುತ್ತಾರೆ. ಇಡೀ ಟ್ರೇಲರನ್ನು ಮತ್ತೆ ಕುಲುಮೆಗೆ ಹಾಕಲು ಆಗುತ್ತಾ? ಆಗಲ್ಲ. ಅದಕ್ಕೇ ಬೆಸುಗೆಯನ್ನು ಎಲ್ಲಿ ಹಾಕಬೇಕು ಅನ್ನೋದೇ ಅಲ್ಯೂಮಿನಿಯಂ ಟ್ರೇಲರ್ ಮಾಡುವವರ ಜಾಣತನ. ಭಾರ ಜಾಸ್ತಿ ಬೀಳುವ ತೊಲೆಯ ಕೆಳಅಂಚಿಗೆ ಅಡ್ಡಡ್ಡ ಬೆಸುಗೆ ಎಳೆದಿದ್ದರೆ ನಾನು ಮೂಗು ಮುರಿಯುತ್ತೇನೆ.

ಎರಡನೆಯದು ಫಟೀಗ್. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ತುಂಡಾಗುತ್ತದಲ್ಲ, ಅದೇ. ಸ್ಟೀಲಿಗೆ ಒಂದು ಹೊಸ್ತಿಲು ಇದೆ: ಒತ್ತಡ ಅದಕ್ಕಿಂತ ಕೆಳಗಿದ್ದರೆ ಎಷ್ಟು ಸಲ ಬಗ್ಗಿಸಿದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಹೊಸ್ತಿಲು ಇಲ್ಲ. ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. 6061-ಟಿ6ಗೆ 50 ಕೋಟಿ ಸಲ ಬಗ್ಗಿಸುವುದಾದರೆ 97 ಮೆಗಾಪಾಸ್ಕಲ್ ಅಂತ ಕೊಡುವುದೂ ಅದಕ್ಕೇ, ಎಷ್ಟು ಸಲ ಅಂತ ಹೇಳದೆ ಸಂಖ್ಯೆ ಕೊಡಲು ಬರುವುದಿಲ್ಲ. ಅದೂ ಬೆಸುಗೆ ಇಲ್ಲದ ನಯವಾದ ಸರಳಿಗೆ.

ಸ್ಟೀಲ್ ಪಕ್ಷದವರು ಹಿಗ್ಗಬೇಡಿ. ಕಳಪೆ ಬೆಸುಗೆಯ ಸ್ಟೀಲ್ ಟ್ರೇಲರೂ ಬಿರುಕು ಬಿಡುತ್ತದೆ. ಬೆಸುಗೆಯ ಅಂಚಿನಲ್ಲಿ ಆ ಹೊಸ್ತಿಲು ತುಂಬಾ ಕೆಳಗೆ ಇಳಿದಿರುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಅದನ್ನು ದಾಟೋದು ಕಷ್ಟವೇನಲ್ಲ. ವ್ಯತ್ಯಾಸ ಏನೆಂದರೆ ಸ್ಟೀಲ್ ಬಿರುಕನ್ನು ಯಾವ ಊರಿನಲ್ಲಾದರೂ ಸ್ಟಿಕ್ ವೆಲ್ಡಿಂಗ್ ಮಿಷನ್ ಇರೋರು ಹಾಕಿಕೊಡುತ್ತಾರೆ. ಅಲ್ಯೂಮಿನಿಯಂಗೆ ಆರ್ಗಾನ್ ಗ್ಯಾಸ್ ಬೇಕು, ಎಸಿ ಟಿಗ್ ಅಥವಾ ಸ್ಪೂಲ್ ಗನ್ ಇರುವ ಮಿಗ್ ವೆಲ್ಡಿಂಗ್ ಮಿಷನ್ ಬೇಕು, ಕೈಪಳಗಿದವರು ಬೇಕು. ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು, ಒಳಗಿನ ಲೋಹ 650ರೊಳಗೇ ನೀರಾಗಿರುತ್ತದೆ. ಪದರ ಉಜ್ಜಿ ತೆಗೆಯದೆ ಹಾಕಿದ ಬೆಸುಗೆ ಮೇಲೆ ಹೊಳೆಯುತ್ತದೆ, ಒಳಗೆ ಹಿಡಿದಿರುವುದಿಲ್ಲ.

ದೋಣಿಗಾಡಿ:
ನಾನು ದೋಣಿ ಟ್ರೇಲರ್ ಎಳೆಯುವವನು. ಇಲ್ಲಿವರೆಗೆ ಯಾರೂ ಸತುವಿನ ಹೆಸರು ಎತ್ತಿಲ್ಲ, ಆಶ್ಚರ್ಯ. ಸ್ಟೀಲ್ ಅಂದರೆ ಪೇಂಟ್ ಹೊಡೆದದ್ದು ಅಂತಲೇ ಎಲ್ಲರ ತಲೆಯಲ್ಲಿದೆ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ ಸ್ಟೀಲ್ ಬೇರೆಯೇ ಜಾತಿ. ಇಡೀ ಫ್ರೇಮನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಪೈಪಿನ ಒಳಗೂ ಸತು ಹೋಗುತ್ತದೆ. ಪೇಂಟ್ ಕೆರೆದುಹೋದರೆ ಅಲ್ಲಿಂದ ತುಕ್ಕು ಶುರು. ಸತು ಕೆರೆದುಹೋದರೆ ಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಪೇಂಟ್ ಹೊಡೆದ ಬಾಕ್ಸ್ ಪೈಪ್ ಫ್ರೇಮ್ ಒಳಗಿಂದ ಕೊಳೆಯುತ್ತದೆ, ಹೊರಗೆ ಮಿರಮಿರ ಅಂತಿರುತ್ತದೆ. ಹಳೇದನ್ನು ಕೊಳ್ಳುವಾಗ ಕೆಳಭಾಗಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಅನ್ನಬೇಕು. ದಬ್ ಅಂದರೆ, ಅಥವಾ ನೀರು ಹೋಗುವ ತೂತಿನಿಂದ ಕಂದು ಪುಡಿ ಉದುರಿದರೆ, ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನು ಸಾಯೋವರೆಗೂ ತುಕ್ಕಿಲ್ಲ ಅನ್ನುವ ಮಾತು. ತುಕ್ಕಿಲ್ಲ, ನಿಜ. ಆದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸ್ಟೀಲನ್ನು ಮುಟ್ಟಿಕೊಂಡಿದ್ದರೆ ಅದೊಂದು ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣುತ್ತದೆ, ಉಗುರಿನಿಂದ ಕೆರೆದರೆ ಕೆಳಗೆ ಸಣ್ಣ ಸಣ್ಣ ಗುಳಿ. ಆಕ್ಸಲ್ ಬ್ರಾಕೆಟ್ ಕೂರುವ ಜಾಗದಲ್ಲಿ ನಡುವೆ ನೈಲಾನ್ ಅಥವಾ ರಬ್ಬರ್ ಪಟ್ಟಿ ಇದೆಯಾ ನೋಡಿ. ಬೋಲ್ಟ್ ತಲೆಯ ಕೆಳಗೆ ಪ್ಲಾಸ್ಟಿಕ್ ವಾಷರ್ ಇದೆಯಾ ನೋಡಿ.

ತುಕ್ಕುವೈರಿ:
ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಆಯಿತಪ್ಪ.

ದೋಣಿಗಾಡಿ:
ಸ್ಟೇನ್‌ಲೆಸ್ಸು ಅಲ್ಯೂಮಿನಿಯಂ ಪಾಲಿಗೆ ಸಾದಾ ಸ್ಟೀಲಿಗಿಂತ ಇನ್ನೂ ದೂರದ ನೆಂಟ, ವೋಲ್ಟೇಜ್ ವ್ಯತ್ಯಾಸ ಜಾಸ್ತಿ. ಆದರೂ ನಡೆಯುತ್ತದೆ. ಯಾಕೆಂದರೆ ಬೋಲ್ಟ್ ಚಿಕ್ಕದು, ಅಲ್ಯೂಮಿನಿಯಂ ಹಾಸು ದೊಡ್ಡದು, ಸವೆತ ಹಂಚಿಹೋಗುತ್ತದೆ. ತಿರುಗುಮುರುಗು ಮಾಡಿದರೆ, ಅಂದರೆ ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ, ರಿವೆಟ್ ಬೇಗ ಮಾಯ. ಏನೇ ಆಗಲಿ, ಬೋಲ್ಟಿನ ಎಳೆಗೆ ಜಿಂಕ್ ಕ್ರೋಮೇಟ್ ಪೇಸ್ಟೋ ಅದಕ್ಕೆ ಅಂತಲೇ ಬರುವ ಇನ್ಸುಲೇಟಿಂಗ್ ಪೇಸ್ಟೋ ಹಚ್ಚದೆ ಬಿಗಿಯಬೇಡಿ. ಎರಡು ವರ್ಷ ಬಿಟ್ಟು ಬಿಚ್ಚಲು ಹೋದರೆ ಬೋಲ್ಟ್ ಮುರಿದು ಕೈಗೆ ಬರುತ್ತದೆ.

ಅಂದಹಾಗೆ ನೀರಿಗೆ ಇಳಿಸುವವರಿಗೆ ಲೋಹಕ್ಕಿಂತ ದೊಡ್ಡ ತಲೆನೋವು ವೀಲ್ ಬೇರಿಂಗು. ಓಡಿ ಬಿಸಿಯಾದ ಹಬ್ಬನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಇಳಿಸುವ ಮೊದಲು ಆರಲು ಬಿಡಿ.

ಕುದುರೆಲಾಯ:
ನಮ್ಮದು ಕುದುರೆ ಟ್ರೇಲರ್, ಪೂರ್ತಿ ಅಲ್ಯೂಮಿನಿಯಂ. ಹೊರಗಿನ ಮೈಗೆ ಏನೂ ಆಗಿಲ್ಲ. ಆದರೆ ಒಳಗಿನ ನೆಲದ ಕಥೆ ಬೇರೆ. ರಬ್ಬರ್ ಮ್ಯಾಟಿನ ಕೆಳಗೆ ಕುದುರೆ ಉಚ್ಚೆ ನಿಂತರೆ ಅಲ್ಯೂಮಿನಿಯಂ ನೆಲವನ್ನು ತಿನ್ನುತ್ತದೆ. ಮ್ಯಾಟ್ ಎತ್ತಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಮ್ಯಾಟ್ ಎತ್ತೋದು ಯಾರಿಗೂ ಇಷ್ಟವಿಲ್ಲದ ಕೆಲಸ, ಅದಕ್ಕೇ ಹಳೇ ಕುದುರೆ ಟ್ರೇಲರ್ ಕೊಳ್ಳುವವರು ಮೊದಲು ಅದನ್ನೇ ಎತ್ತಿ ನೋಡಬೇಕು. ಮಾರುವವರು "ಅದು ಅಂಟಿಕೊಂಡಿದೆ, ಬೇಡ ಬಿಡಿ" ಅಂದರೆ ಖಂಡಿತ ಎತ್ತಿ.

ಬೆಂಕಿಕೈ:
ಅಕ್ಕ ಒಳ್ಳೇ ಮಾತು ಹೇಳಿದರು. ಅದೇ ಸಾಲಿನಲ್ಲಿ ಮರದ ನೆಲದ ಬಗ್ಗೆಯೂ ಒಂದು ಮಾತು. ಗೆದ್ದಲು, ಕೊಳೆತ ತಡೆಯಲು ತಾಮ್ರದ ರಾಸಾಯನಿಕ ಕುಡಿಸಿದ ಹಲಗೆ ಬರುತ್ತದೆ, ಹಸಿರು ಛಾಯೆ ಇರುತ್ತದೆ. ಅದನ್ನು ನೇರವಾಗಿ ಅಲ್ಯೂಮಿನಿಯಂ ಅಡ್ಡಪಟ್ಟಿಯ ಮೇಲೆ ಕೂರಿಸಬೇಡಿ. ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ. ಸ್ಟೀಲಿಗೂ ಸತುವಿಗೂ ಅದು ಒಳ್ಳೆಯದಲ್ಲ, ಆದರೆ ಅಲ್ಯೂಮಿನಿಯಂಗೆ ಇನ್ನೂ ಕೆಟ್ಟದು. ನಡುವೆ ರಬ್ಬರ್ ಪಟ್ಟಿ ಹಾಕಿ, ಇಲ್ಲವೇ ಸಾದಾ ಮರಕ್ಕೆ ಎಣ್ಣೆ ಬಳಿದು ಹಾಕಿ.

ಲಾರಿಕಣ್ಣು:
ಒಂದು ಎಚ್ಚರಿಕೆ. ಜಾಹೀರಾತಿನಲ್ಲಿ "ಅಲ್ಯೂಮಿನಿಯಂ ಟ್ರೇಲರ್" ಅಂತ ಬರೆದಿದ್ದರೆ ಯಾವ ಭಾಗ ಅಲ್ಯೂಮಿನಿಯಂ ಅಂತ ಕೇಳಿ. ಮುಚ್ಚಿದ ಟ್ರೇಲರ್‌ಗಳಲ್ಲಿ ಎಷ್ಟೋ ಸಲ ಹೊರಗಿನ ತಗಡು ಮಾತ್ರ ಅಲ್ಯೂಮಿನಿಯಂ, ಒಳಗಿನ ಚಾಸಿ ಪೇಂಟ್ ಹೊಡೆದ ಸ್ಟೀಲ್. ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಮಾರುವವರ ಮುಖ ನೋಡಬೇಕು.

ಇದು ಮೋಸ ಅಂತಲೇ ಅಲ್ಲ. ಅಮೆರಿಕದ ಏರ್‌ಸ್ಟ್ರೀಮ್ ಕ್ಯಾರವಾನ್ ನೋಡಿರುತ್ತೀರಿ, ಬೆಳ್ಳಿ ಬಣ್ಣದ ದುಂಡನೆ ಮೈ. 1936ರಿಂದ ಬರುತ್ತಿದೆ. ಮೈ ಅಲ್ಯೂಮಿನಿಯಂ, ಕೆಳಗೆ ಚಾಸಿ ಸ್ಟೀಲ್. 1948ರ ಲ್ಯಾಂಡ್ ರೋವರೂ ಹಾಗೇ: ಯುದ್ಧದ ನಂತರ ಬ್ರಿಟನ್ನಿನಲ್ಲಿ ಸ್ಟೀಲಿಗೆ ರೇಷನ್ ಇತ್ತು ಅಂತ ಮೈಯನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು, ಚಾಸಿ ಮಾತ್ರ ಸ್ಟೀಲೇ ಇಟ್ಟರು. 2015ರಲ್ಲಿ ಫೋರ್ಡ್ ಎಫ್-150 ಪಿಕಪ್ಪಿನ ಮೈ ಅಲ್ಯೂಮಿನಿಯಂ ಆಯಿತು, ಫ್ರೇಮ್ ಸ್ಟೀಲಾಗಿಯೇ ಉಳಿಯಿತು. ಇವರೆಲ್ಲ ದಡ್ಡರಲ್ಲ ಅಲ್ವಾ? ಎಳೆತ ತಿರುಚಾಟ ಬೀಳುವ ಕಡೆ ಸ್ಟೀಲ್, ಮೈತೂಕ ಇಳಿಸುವ ಕಡೆ ಅಲ್ಯೂಮಿನಿಯಂ. ಹಳೇ ಲ್ಯಾಂಡ್ ರೋವರ್ ಇಟ್ಟುಕೊಂಡವರಿಗೆ ಎರಡು ಲೋಹ ಸೇರುವ ಕಡೆ ಏಳುವ ಬಿಳಿ ಪುಡಿ ಚೆನ್ನಾಗಿ ಗೊತ್ತು, ಅದು ಬೇರೆ ಮಾತು.

ತುಕ್ಕುವೈರಿ:
ಡೀಸೆಲ್ ಉಳಿತಾಯದ ಬಗ್ಗೆ ಯಾರೂ ಹೇಳಲೇ ಇಲ್ಲ. 240 ಕೆಜಿ ಕಡಿಮೆ ಎಳೆದರೆ ಕೆಲವೇ ವರ್ಷದಲ್ಲಿ ಹೆಚ್ಚುವರಿ ದುಡ್ಡು ವಾಪಸ್.

ಲೆಕ್ಕಾಚಾರಿ:
ಹುಟ್ಟಲ್ಲ ಸರ್. ಅರ್ಧ ಕಿಲೋಮೀಟರ್ ಎತ್ತರದ ಏರು ಹತ್ತುವಾಗ 240 ಕೆಜಿಗೆ ಬೇಕಾದ ಶಕ್ತಿ ಸುಮಾರು 1.2 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ 36 ಮೆಗಾಜೂಲ್ ಇರುತ್ತದೆ, ಎಂಜಿನ್ ಅದರಲ್ಲಿ ಮೂರನೇ ಒಂದು ಭಾಗ ಕೆಲಸಕ್ಕೆ ಹಚ್ಚುತ್ತದೆ ಅಂತ ಹಿಡಿದರೂ, ಉಳಿಯೋದು ಲೀಟರಿನ ಹತ್ತನೇ ಒಂದು ಭಾಗ. ಅಷ್ಟು ದೊಡ್ಡ ಏರಿಗೆ! ಸಮತಟ್ಟು ಹೆದ್ದಾರಿಯಲ್ಲಿ ಡೀಸೆಲ್ ತಿನ್ನೋದು ತೂಕಕ್ಕಿಂತ ಗಾಳಿ. ವೇಗ ಸ್ವಲ್ಪ ಇಳಿಸಿದರೆ ಇದಕ್ಕಿಂತ ಜಾಸ್ತಿ ಉಳಿಯುತ್ತದೆ. ಅಲ್ಯೂಮಿನಿಯಂಗೆ ಕೊಡುವ ಹೆಚ್ಚು ದುಡ್ಡು ವಾಪಸ್ ಬರೋದು ಎರಡೇ ದಾರಿಯಲ್ಲಿ: ಮಾರುವಾಗ ಸಿಗುವ ಬೆಲೆ, ಮತ್ತು ದೊಡ್ಡ ಪಿಕಪ್ ಕೊಳ್ಳದೆ ಉಳಿಯುವುದು.

ತುಕ್ಕುವೈರಿ:
ಎರಡನೇ ದಾರಿ ನನ್ನ ಪರವಾಗಿಯೇ ಇದೆಯಲ್ಲ. ಸಾಕು.

ಯಂತ್ರಗಾಡಿ:
ಎಕ್ಸ್‌ಕವೇಟರ್ ಸಾಗಿಸೋದೇ ನನ್ನ ಕೆಲಸ. ಪಿಕಪ್‌ಪ್ರಿಯ ಅವರೇ, ಕಾರು ಒಯ್ಯಲು ಅಲ್ಯೂಮಿನಿಯಂ ಒಳ್ಳೇದು, ಒಪ್ಪುತ್ತೇನೆ. ಯಂತ್ರ ಅಂದ ತಕ್ಷಣ ನಾನು ಸ್ಟೀಲ್ ಅನ್ನುತ್ತೇನೆ. ತೂಕಕ್ಕಲ್ಲ, ಒರಟುತನಕ್ಕೆ.

ಯಂತ್ರದ ಟ್ರ್ಯಾಕ್, ಅಂದರೆ ಗಾಲಿಯ ಬದಲು ಇರುವ ಪಟ್ಟಿ, ಸ್ಟೀಲಿನದಾದರೆ ಅಲ್ಯೂಮಿನಿಯಂ ನೆಲದ ಏಣುಗಳನ್ನು ಅಗಿದು ಹಾಕುತ್ತದೆ. ರಬ್ಬರ್ ಟ್ರ್ಯಾಕ್ ಆದರೂ ಅದರಲ್ಲಿ ಸಿಕ್ಕ ಜಲ್ಲಿಕಲ್ಲು ಅರೆಯುತ್ತದೆ. ನಿಂತಲ್ಲೇ ತಿರುಗಿಸಿದರೆ ಇನ್ನೂ ಕೆಟ್ಟದ್ದು. ಬಕೆಟ್ಟನ್ನು ಕೆಳಗಿಳಿಸಿ ಒತ್ತಿ ನಿಲ್ಲಿಸುತ್ತೀರಿ, ಅದರ ಹಲ್ಲು ಒಂದೇ ಬಿಂದುವಿನಲ್ಲಿ ಕೂರುತ್ತದೆ. ಸರಪಳಿ ಬಿಗಿಯುವಾಗ ಕೊಂಡಿ ಅಂಚಿನ ಮೇಲೆ ಜಗ್ಗಿ ಕಚ್ಚು ಬೀಳಿಸುತ್ತದೆ, ಬೆಂಕಿಕೈ ಹೇಳಿದ ಫಟೀಗ್ ಬಿರುಕು ಇಂಥ ಕಚ್ಚಿನಿಂದಲೇ ಶುರುವಾಗೋದು. ಸ್ಟೀಲಿಗೆ ಇದೆಲ್ಲ ಪೇಂಟ್ ಹೋಗುವ ವಿಷಯ ಅಷ್ಟೇ. ಒಂದು ಬ್ರಶ್ ಎಳೆದರೆ ಮುಗಿಯಿತು.

ಲೋಹ ಯಾವುದೇ ಇರಲಿ, ಹತ್ತಿಸುವಾಗ ಒಂದು ಮಾಡಿ. ಯಂತ್ರ ರ‍್ಯಾಂಪ್ ಏರುವಾಗ ಪೂರ್ತಿ ಭಾರ ಟ್ರೇಲರಿನ ಬಾಲದ ಮೇಲೆ ಬೀಳುತ್ತದೆ. ಬಾಲ ಕುಸಿದು, ಹಿಚ್ಚಿಗೆ ಸೇರುವ ಮೂತಿ ಮೇಲೆದ್ದು ಪಿಕಪ್ಪಿನ ಹಿಂಭಾಗವನ್ನೇ ಎತ್ತುತ್ತದೆ. ಹಿಂದಿನ ಗಾಲಿ ನೆಲ ಬಿಟ್ಟರೆ ಹ್ಯಾಂಡ್ ಬ್ರೇಕ್ ಹಿಡಿಯೋದು ಯಾವುದನ್ನ? ಹಾಗಾಗಿ ಬಾಲದ ಕೆಳಗೆ ಎರಡು ಸ್ಟ್ಯಾಂಡ್ ಕೊಟ್ಟು ಆಮೇಲೆ ಹತ್ತಿಸಿ. ಭಾರದ ನಡುಬಿಂದು ಆಕ್ಸಲ್‌ಗಳಿಗಿಂತ ಸ್ವಲ್ಪ ಮುಂದೆ ಬರುವ ಹಾಗೆ ನಿಲ್ಲಿಸಿ. ಹಿಂದೆ ಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಒಮ್ಮೆ ಶುರುವಾದರೆ ಹಿಡಿತಕ್ಕೆ ತರೋದು ಕಷ್ಟ. ಸರಪಳಿ ನಾಲ್ಕು ಮೂಲೆಗೆ ನಾಲ್ಕು, ಬೂಮ್ ಅಂದರೆ ಯಂತ್ರದ ತೋಳಿಗೆ ಬೇರೆಯದೇ ಒಂದು.

ಪಿಕಪ್‌ಪ್ರಿಯ:
ಯಂತ್ರಗಾಡಿ ಅಣ್ಣ, ನಿಮ್ಮ ಮಾತು ಸರಿ. ಆದರೆ ಸ್ಟೀಲ್ ಟ್ರೇಲರ್ ಮೇಲೆ ಆ ಯಂತ್ರ ಇಟ್ಟರೆ ನನ್ನ ಗಾಡಿಯ ಮಿತಿಯೇ ದಾಟುತ್ತದಲ್ಲ.

ಯಂತ್ರಗಾಡಿ:
ಹಾಗಾದರೆ ಯಂತ್ರವನ್ನು ಬಾಡಿಗೆ ಲಾರಿಗೆ ಹಾಕಿ. ಆಗಾಗ ಅಂತೀರಿ, ದಿನಾ ಅಲ್ಲವಲ್ಲ. ಆಗಾಗ ಬರುವ ಭಾರಕ್ಕೆ ಟ್ರೇಲರ್ ಕೊಳ್ಳಬಾರದು. ಹಾಕಲೇಬೇಕು ಅಂದರೆ ಅಲ್ಯೂಮಿನಿಯಂ ನೆಲದ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ರ‍್ಯಾಂಪಿನ ಮೇಲೆ ಬರೆದ ಮಿತಿ ಓದಿ, ಸರಪಳಿ ತಾಗುವ ಅಂಚಿಗೆ ಗಾರ್ಡ್ ಕೊಡಿ. ಮ್ಯಾಟಿನ ತೂಕವನ್ನೂ ಲೆಕ್ಕಕ್ಕೆ ಸೇರಿಸಿ, ಅದೂ ಸುಮ್ನೆ ಕೂರಲ್ಲ.

ಲೆಕ್ಕಾಚಾರಿ:
ಎಲ್ಲಾ ಹೇರಿದ ಮೇಲೆ ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ನನ್ನ ಲೆಕ್ಕವೂ ಸೇರಿ ಎಲ್ಲರ ಲೆಕ್ಕವೂ ಕಾಗದದ್ದು. ಮತ್ತೆ ಬ್ರೇಕ್ ಮರೆಯಬೇಡಿ. ಯುರೋಪ್, ಆಸ್ಟ್ರೇಲಿಯಾದಲ್ಲಿ ಟ್ರೇಲರ್ 750 ಕೆಜಿ ಮೀರಿದರೆ ಅದಕ್ಕೆ ಅದರದೇ ಬ್ರೇಕ್ ಇರಲೇಬೇಕು. ಕಾನೂನು ಎಲ್ಲಿ ಏನೇ ಹೇಳಲಿ, ಎರಡೂಕಾಲು ಟನ್ನಿಗೆ ಬ್ರೇಕ್ ಇಲ್ಲದ ಟ್ರೇಲರ್ ಯಾರು ಎಳೆದರೂ ನಾನು ಆ ರಸ್ತೆಯಲ್ಲಿರಲ್ಲ.

ಕುದುರೆಲಾಯ:
ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ನೋಡುವುದಾದರೆ ಬಿರುಕು ಹೇಗೆ ಹುಡುಕೋದು? ಸ್ಟೀಲಿನಲ್ಲಾದರೆ ತುಕ್ಕಿನ ಗೆರೆ ಕಾಣುತ್ತದೆ. ಇದರಲ್ಲಿ?

ಬೆಂಕಿಕೈ:
ಒಳ್ಳೇ ಪ್ರಶ್ನೆ ಅಕ್ಕ. ತೊಳೆದು ತಂದ ಟ್ರೇಲರಿಗಿಂತ ಧೂಳು ಹಿಡಿದ ಟ್ರೇಲರ್ ನೋಡೋದು ಒಳ್ಳೇದು. ಬಿರುಕಿನ ಎರಡು ಅಂಚು ಒಂದಕ್ಕೊಂದು ಉಜ್ಜಿ ಕಪ್ಪು ಬೂದು ಪುಡಿ ಹೊರಬರುತ್ತದೆ. ಮಳೆನೀರು ಅದನ್ನು ಇಳಿಸಿ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಗೆರೆ ಮಾಡಿರುತ್ತದೆ. ಮೊದಲು ನೋಡಬೇಕಾದದ್ದು ಮೂತಿಯ ಎರಡು ಕಾಲು ಮುಖ್ಯ ಫ್ರೇಮಿಗೆ ಸೇರುವ ಮೂಲೆ. ಆಮೇಲೆ ಪಟ್ಟಾ ತೂಗುಹಾಕುವ ಬ್ರಾಕೆಟ್. ಬೆಸುಗೆಯ ನಡುವಲ್ಲ, ಅದು ಮುಗಿದು ಲೋಹ ಶುರುವಾಗುವ ಅಂಚನ್ನು ನೋಡಿ. ಬೋಲ್ಟಿನ ಸುತ್ತ ಕಪ್ಪು ಉಂಗುರ ಕಂಡರೆ ಅದು ಸಡಿಲವಾಗಿ ಅಲ್ಲಾಡಿದೆ ಅಂತ ಅರ್ಥ.

ಅನುಮಾನ ಬಂದರೆ ಡೈ ಪೆನೆಟ್ರಂಟ್ ಅಂತ ಸ್ಪ್ರೇ ಬರುತ್ತದೆ. ಕೆಂಪು ದ್ರವ ಹೊಡೆದು, ಒರೆಸಿ, ಬಿಳಿ ಪುಡಿ ಹೊಡೆದರೆ ಬಿರುಕಿದ್ದ ಕಡೆ ಕೆಂಪು ಗೆರೆ ಎದ್ದು ಬರುತ್ತದೆ. ಅಂಗಳದಲ್ಲೇ ಮಾಡಬಹುದು. ಈಗಾಗಲೇ ಒಮ್ಮೆ ಬೆಸುಗೆ ಹಾಕಿದ ಕಡೆ ಮತ್ತೆ ಬಿರುಕು ಇದ್ದರೆ ಆ ಟ್ರೇಲರ್ ಬೇಡ. ಮತ್ತೆ ಮತ್ತೆ ಕಾಯಿಸಿದ ಜಾಗ ಗಟ್ಟಿಯಾಗಲ್ಲ.

ಗ್ಯಾಲ್ವನೈಸ್ ಮಾಡಿದ್ದನ್ನು ಬೆಸುಗೆ ಹಾಕಿಸುವವರಿಗೂ ಒಂದು ಮಾತು: ಮೊದಲು ಸತುವನ್ನು ಉಜ್ಜಿ ತೆಗೆಸಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಪಿಕಪ್‌ಪ್ರಿಯ:
ಎಲ್ಲರಿಗೂ ಧನ್ಯವಾದ. ಯಂತ್ರಕ್ಕೆ ಬಾಡಿಗೆ ಲಾರಿ, ಕಾರಿಗೆ ಅಲ್ಯೂಮಿನಿಯಂ ಅಂತ ಮನಸ್ಸು ಮಾಡಿದ್ದೇನೆ. ಈವತ್ತು ಮೂರನೇ ಮಾಡೆಲ್ ಒಂದು ನೋಡಿದೆ. ತೊಲೆ ಎತ್ತರ ಇದೆ, ಅಳೆದೆ. ಅಯಸ್ಕಾಂತ ಇಟ್ಟಾಗ ಮೂತಿಗೆ ಮಾತ್ರ ಅಂಟಿತು. ಮೂತಿ ಗ್ಯಾಲ್ವನೈಸ್ ಸ್ಟೀಲ್, ಅದನ್ನು ಅಲ್ಯೂಮಿನಿಯಂ ಫ್ರೇಮಿಗೆ ಬೋಲ್ಟ್ ಹಾಕಿ ಸೇರಿಸಿದ್ದಾರೆ. ಇದು ಒಳ್ಳೇದಾ, ಕೆಟ್ಟದ್ದಾ? ಖಾಲಿ ತೂಕ 715.

ಲೆಕ್ಕಾಚಾರಿ:
715 + 1,570 = 2,285. ತೂಕದ ಮಟ್ಟಿಗೆ ತೊಂದರೆ ಇಲ್ಲ.

ಬೆಂಕಿಕೈ:
ನನಗಂತೂ ಇಷ್ಟವಾಯಿತು. ಬಿರುಕು ಜಾಸ್ತಿ ಬರುವ ಮೂಲೆಯಲ್ಲಿ ಬೆಸುಗೆಯೇ ಇಲ್ಲ ಅಂದಮೇಲೆ ಅಲ್ಲಿ ಹದ ಕೆಡುವ ಮಾತೂ ಇಲ್ಲ. ಮೂತಿ ಎಲ್ಲಾದರೂ ಗುದ್ದಿ ಬಗ್ಗಿದರೆ ಬಿಚ್ಚಿ ಬೇರೆ ಹಾಕಬಹುದು.

ಎರಡು ಲೋಹದ ನಡುವೆ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿಸಿಕೊಂಡೇ ತನ್ನಿ. ಮತ್ತೆ ಬಿಸಿಲಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಜೋಡಣೆಯಲ್ಲಿ 40 ಡಿಗ್ರಿ ಏರುಪೇರಾದರೆ ಎರಡಕ್ಕೂ ಸುಮಾರು ಅರ್ಧ ಮಿಲಿಮೀಟರ್ ವ್ಯತ್ಯಾಸ. ಬೋಲ್ಟ್ ನಿಧಾನಕ್ಕೆ ಸಡಿಲ ಆಗುವುದಕ್ಕೆ ಅಷ್ಟು ಸಾಕು. ಬಿಗಿದ ಮೇಲೆ ನಟ್ಟಿನಿಂದ ಫ್ರೇಮಿನವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಬಿಡಿ. ಗೆರೆ ತುಂಡಾಗಿ ಕಂಡ ದಿನ ಟಾರ್ಕ್ ರೆಂಚ್ ಹಿಡಿಯಿರಿ. ಗಾಲಿಯ ನಟ್ಟುಗಳಿಗೆ ಅಷ್ಟು ದಿನ ಕಾಯಬೇಡಿ, ಹೊಸ ಟ್ರೇಲರಿನಲ್ಲಿ ಮೊದಲ 16, 40, 80 ಕಿಲೋಮೀಟರಿಗೆ ಒಂದೊಂದು ಸಲ ನಿಲ್ಲಿಸಿ ಬಿಗಿ ನೋಡಿ.